ಸಾಹುಕಾರರ ಸೀಟು

ಇವತ್ತು ಹಾವೇರಿಯಿಂದ ಒಬ್ಬರು ನಮ್ಮ ಹಳೆಯ ವಿಲಾಯತಿ ಜೀಪು ಕೊಳ್ಳಲು ಬಂದಿದ್ದರು. ಬಾಗಿಲು ತೆಗೆದ ಕೂಡಲೇ ಚರ್ಮದ ಸೀಟಿನ ವಾಸನೆ, ಅದರ ಹಿಂದೆಯೇ ಬ್ಯಾಡಗಿ ಮೆಣಸಿನಕಾಯಿಯ ಘಾಟು. ಕಾಲೇಜಿನಲ್ಲಿ ಇದಕ್ಕೆ ನಾಸ್ಟಾಲ್ಜಿಯಾ ಅಂತಿದ್ದರೋ ಏನೋ. ಸ್ಪೆಲ್ಲಿಂಗ್ ಮರೆತಿದ್ದೇನೆ, ಇದನ್ನು ಟೈಪ್ ಮಾಡುತ್ತಿರುವ ಈ ಸೈಬರ್ ಕೆಫೆಯಲ್ಲಿ ಕೇಳಲು ನಾಚಿಕೆ.

ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಜೀಪಿನ ಮೊದಲ ಮಾಲೀಕರಾಗಿದ್ದ ಸಾಹುಕಾರರು ಅದರ ಮುಂದಿನ ಎಡ ಸೀಟಿನಲ್ಲೇ ಪ್ರಾಣ ಬಿಟ್ಟಿದ್ದರಂತೆ. ಅಪ್ಪ ಅಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. "ಹೊಂಡೋಣೇನ್ರಿ ಸಾಹುಕಾರ್ರ?" ಅಂತ ಖಾಲಿ ಸೀಟನ್ನು ಕೇಳಿಯೇ ಗೇರ್ ಹಾಕುತ್ತಿದ್ದ.

"ಸತ್ತವರ ಸಂಗಡ ಹರಟಿ ಹೊಡಿತಾರ, ನನ್ನ ಜೋಡಿ ಬಾಯಿ ಬಿಡಂಗಿಲ್ಲ," ಅಂತ ಅವ್ವ ಚುಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವನಿಗೆ ಹಾವು ಕಚ್ಚಿತು. ರಾಣೆಬೆನ್ನೂರಿನ ಆಸ್ಪತ್ರೆಗೆ ಒಯ್ಯಬೇಕು. ಅಪ್ಪ ಅವಳನ್ನು ಮುಂದೆ ಕೂರಿಸುವ ಮೊದಲು ಸೀಟಿಗೆ ಕೈಮುಗಿದು, "ಸಾಹುಕಾರ್ರ, ಇವತ್ತೊಂದಿನ ಹಿಂದ ಕುಂದ್ರಿ," ಅಂದ.

ಹಿಂದೆ ನಾನೊಬ್ಬನೇ ಇದ್ದೆ. ಯಾರೋ ಕೂತಂತೆ ನನ್ನ ಪಕ್ಕದ ಸೀಟು ಮೆಲ್ಲಗೆ ಕುಗ್ಗಿತು. ಮೋಟೆಬೆನ್ನೂರು ದಾಟಿದರೂ ಕಾಲು ಮುದುಡಿ, ಜಾಗ ಬಿಟ್ಟೇ ಕೂತಿದ್ದೆ.

ಅವ್ವ ಉಳಿದಳು.

ಇವತ್ತು ಬಂದವರು ಜೀಪಿನ ರೇಟು ಕೇಳಿದರು. ಕೊಡಂಗಿಲ್ರಿ ಅಂದೆ. ನನ್ನ ಹೆಂಡತಿ ತೀರಿಕೊಂಡು ವರ್ಷವಾಯಿತು. ಈಗ ಮುಂದೆ ಅವಳೇ ಕೂರುತ್ತಾಳೆ. ಹೊಸಬರು ಅವಳನ್ನು ಮಾತಾಡಿಸುತ್ತಾರೋ ಇಲ್ಲವೋ.