ಅಮಾವಾಸ್ಯೆಗೆಂದು ಇಟ್ಟ ಪುಡಿ

ಹಳದೀಪುರದ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಹುಳವಿಲ್ಲದ ಹೊಟ್ಟೆ ಒಂದಾದರೂ ಇತ್ತೋ ಇಲ್ಲವೋ. ಯಾರ ಕಾಲಿಗೂ ಚಪ್ಪಲಿ ಇಲ್ಲ. ಶೌಚಕ್ಕೆ ಎಲ್ಲರೂ ಹೋಗುವುದು ಮನೆ ಹಿಂದಿನ ಹುಲ್ಲುಬೇಣಕ್ಕೆ, ಬರುವಾಗ ಅಲ್ಲೇ ಬಿದ್ದ ಮುರುಗಲ ಹಣ್ಣನ್ನು ಲಂಗಕ್ಕೆ ಒರೆಸಿ ಬಾಯಿಗೆ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹೆಂಗಸರು ಮೊದಲು ಪಂಚಾಂಗ ನೋಡುತ್ತಿದ್ದರು. ಅಮಾವಾಸ್ಯೆಗೆ ಹೊಟ್ಟೆಯ ಹುಳ ಏಳುತ್ತವೆ, ಎದ್ದ ಹುಳಕ್ಕೇ ಔಷಧಿ ತಾಗುವುದು ಎಂದು ನಮ್ಮ ಕಡೆ ನಂಬಿಕೆ.

ನಾನು ನಾಲ್ಕನೇ ಇಯತ್ತೆ, ತಂಗಿ ಒಂದನೇ. ಅವಳ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕೊಡಪಾನ. ಮಕ್ಕಳೆಲ್ಲ ಹಾಗೆಂದೇ ಅವಳನ್ನು ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಒಂದು ದಿನ ಮಾಸ್ತರರು ಕುಮಟಾ ದವಾಖಾನೆಯಿಂದ ತಂದ ಪುಡಿಯ ಎರಡು ಪೊಟ್ಟಣಗಳನ್ನು ನನ್ನ ಕೈಗಿಟ್ಟರು.

"ಇವತ್ತು ರಾತ್ರಿಯೇ ಇಬ್ಬರೂ ತಗೊಳ್ಳಿ, ಬೆಳಿಗ್ಗೆ ಹರಳೆಣ್ಣೆ. ತಂಗಿಗಂತೂ ತಪ್ಪಿಸಬೇಡಿ ಅಂತ ಆಯಿಗೆ ಹೇಳು."

ಹರಳೆಣ್ಣೆ ಕುಡಿದವರಿಗೆ ಆ ದಿನವೆಲ್ಲ ಬರೀ ಗಂಜಿ. ಮರುದಿನವೇ ಹೊನ್ನಾವರದಲ್ಲಿ ಸೋದರಮಾವನ ಮಗನ ಮುಂಜಿ, ಊಟಕ್ಕೆ ಹೋಳಿಗೆ. ನಾನು ಹೊಟ್ಟೆಬಾಕಿ. ದಾರಿಯುದ್ದಕ್ಕೂ ಯೋಚಿಸಿ, ಮನೆಗೆ ಬಂದವಳೇ ಪೊಟ್ಟಣ ಕೊಟ್ಟು, ಅಮಾವಾಸ್ಯೆಯ ದಿನವೇ ಕುಡಿಸಬೇಕೆಂದು ಮಾಸ್ತರರು ಹೇಳಿದ್ದಾರೆ ಅಂತ ಆಯಿಗೆ ಹೇಳಿದೆ: "ಅಮಾಸೆ ದಿನ ಕುಡಸವಡ."

ಅಮಾವಾಸ್ಯೆಗೆ ಇನ್ನೂ ಹತ್ತು ದಿನವಿತ್ತು. ಆಯಿಗೆ ಮಗಳ ಮಾತಿನ ಮೇಲೆ ಅನುಮಾನ ಬರಲಿಲ್ಲ. ಓದಿದ ಮಾಸ್ತರರೂ ತನ್ನ ಹಾಗೆಯೇ ಹೇಳಿದರಲ್ಲ ಎಂದು ಖುಷಿಯೇ ಆಯಿತೇನೋ. "ಆತು" ಎಂದು ಪೊಟ್ಟಣಗಳನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು.

ಮುಂಜಿಮನೆಯಲ್ಲಿ ನಾನು ನಾಲ್ಕು ಹೋಳಿಗೆ ತಿಂದೆ. ತಂಗಿ ಅರ್ಧ ತಿಂದು, ಉಳಿದದ್ದನ್ನು ನನ್ನ ಬಾಳೆಗೆ ಹಾಕಿದಳು. ಅದನ್ನೂ ತಿಂದೆ.

ಆರನೇ ದಿನ ಅವಳ ಹೊಟ್ಟೆ ಕಲ್ಲಾಯಿತು. "ನೋವ್ತು ಆಯಿ, ನೋವ್ತು" ಎಂದು ಮುದುಡಿ ಮಲಗಿದಳು. ಆಯಿ ಹೊಕ್ಕುಳ ಸುತ್ತ ಓಮ ಅರೆದು ಹಚ್ಚಿ, ಇನ್ನು ನಾಲ್ಕೇ ದಿನ ತಡೆದುಕೋ ಎಂದು ಸಮಾಧಾನ ಮಾಡಿದಳು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಸತ್ಯ ಹೇಳಿದರೆ ಪೆಟ್ಟು ಬೀಳುತ್ತದೆಂದು ಹೆದರಿ ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಆ ಹುಡುಗಿಯನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ತಂಗಿಯ ವಾಂತಿಯಲ್ಲಿ ಹುಳ ಬಂದವು. ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ, ಆಯಿ ಜೊತೆಗೆ ಹೋದಳು. ಹುಳ ಗಂಟುಗಟ್ಟಿ ಕರುಳು ಮುಚ್ಚಿದೆ, ಹುಬ್ಬಳ್ಳಿಗೆ ಒಯ್ಯಿರಿ ಎಂದರಂತೆ ಕುಮಟಾದ ಡಾಕ್ಟರು. ಅಪ್ಪ ಗಾಡಿ ಹುಡುಕಲು ಪೇಟೆಗೆ ಹೋದಾಗ ತಂಗಿ ದವಾಖಾನೆಯ ಬೆಂಚಿನ ಮೇಲೆ, ಆಯಿಯ ತೊಡೆಯಲ್ಲಿ ಹೋದಳು.

ಕೆಲವು ದಿನಗಳ ನಂತರ ಮಾಸ್ತರರು ಮನೆಗೆ ಬಂದರು. ಜಗಲಿಯ ತುದಿಯಲ್ಲಿ ಕೂತು ಕೇಳಿದರು.

"ಅದೇ ರಾತ್ರಿ ಕೊಡಬೇಕು ಅಂತ ಹೇಳಿ ಕಳಿಸಿದ್ದೆನಲ್ಲ ತಾಯಿ. ದೊಡ್ಡವಳು ಹೇಳಲಿಲ್ಲವೇ?"

ನಾನು ಕಂಬ ಹಿಡಿದು ನಿಂತಿದ್ದೆ. ಆಯಿ ತಿರುಗಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ತಿಳಿಯುತ್ತಿರುವುದು ನನಗೆ ಕಂಡಿತು. ಅಪ್ಪ ಪಕ್ಕದಲ್ಲೇ ಕೂತಿದ್ದ.

"ಹೇಳಿದ್ಲು ಮಾಸ್ತರೆ" ಎಂದಳು ಆಯಿ. "ನಾನೇ ಮರ್ತೆ."