ಡಚ್ ಮುದುಕಿಯ ಚಿತ್ರ ಬರೆದವರು ಯಾರು?

“ಇಲ್ಲೊಂದು ಸಹಿ ಮಾಡ್ರಿ ಅವ್ವಾರ, ಎರಡು ಪಟ್ಟು ರೊಕ್ಕ ಕೊಡ್ತೀನಿ” ಎಂದು ಹಳೇ ಸಾಮಾನಿನ ವ್ಯಾಪಾರಿ ನಮ್ಮ ಅತ್ತೆಯ ಮುಂದೆ ಕಾಗದ ಚಾಚಿದ. ತೊಂಬತ್ತರ ದಶಕದ ಮಾತು, ಬೇಡಕಿಹಾಳದ ನಮ್ಮ ಪಡಸಾಲೆ. ಅವನ ತೊಡೆಯ ಮೇಲೆ ನಮ್ಮ ಮನೆಯ ಹಳೆಯ ಚಿತ್ರವಿತ್ತು: ಕೆಂಪು ಸೀಮೆಸುಣ್ಣದಲ್ಲಿ ಬಿಡಿಸಿದ, ನೂಲುತ್ತ ಕುಳಿತ ಮುದುಕಿ. ಮಾವನವರ ತಂದೆ ಯಾವುದೋ ಇಂಗ್ಲಿಷ್ ದೊರೆಯ ಮನೆಯ ಹರಾಜಿನಲ್ಲಿ ತಂದದ್ದು. ಡಚ್ಚರ ಕೈಕೆಲಸವೆಂದು ವ್ಯಾಪಾರಿಯೇ ಗುರುತಿಸಿದ್ದ. ಆದರೆ ಚಿತ್ರದಲ್ಲಿ ಬರೆದವನ ಹೆಸರಿರಲಿಲ್ಲ. ಒಬ್ಬ ಹೆಸರಾಂತ ಕಲಾವಿದನದೆಂದು ಹಿರಿಯರು ಹೇಳುತ್ತಿದ್ದರು ಅಂತ ನಾವು ಬರೆದುಕೊಡಬೇಕಂತೆ.

ಸೋರುವ ಅಡುಗೆಮನೆಯ ನೆನಪಾಗಿ ನಾನು ಅತ್ತೆಯ ಮುಖ ನೋಡಿದೆ. ಅವರು ಅಂಗಳದ ಬಿಸಿಲು ನೋಡಿದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ. “ಹೊತ್ತು ಮುಳುಗಾಕ ಬಂತು, ಮೊದಲ ಊಟ ಮಾಡ್ರಿ” ಎಂದು ತಾಟು ಹಾಕಿದರು. ಅವನು ಹೊಟ್ಟೆ ತುಂಬ ರೊಟ್ಟಿ, ಝುಣಕ ಉಂಡು ಕೈ ತೊಳೆದ ಮೇಲೆಯೇ ಅತ್ತೆ ಬಾಯಿಬಿಟ್ಟರು.

“ಯಾರದೋ ಕೂಸಿಗೆ ಇನ್ಯಾರದೋ ಹೆಸರು ನಾ ಹಚ್ಚೂದಿಲ್ರಿ. ಬರದಾವ್ರು ಗೊತ್ತಿಲ್ಲ ಅಂತ ಬರಕೋರಿ, ಒಯ್ರಿ.”

ಅವನು ಬೆಲೆ ಇಳಿಸಿದ. ಅತ್ತೆ ಕದಲಲಿಲ್ಲ. ಹಾಗೆಯೇ ಬರೆಸಿ, ಇಳಿದ ಬೆಲೆಗೇ ಚಿತ್ರ ಕೊಟ್ಟರು.

ಈಗ ಅತ್ತೆ ಇಲ್ಲ. ನಾನು ಶೇಂಗಾ ಹೋಳಿಗೆ ಮಾಡಿ ಮಾರುತ್ತೇನೆ. ಮೊನ್ನೆ ಒಬ್ಬ ವ್ಯಾಪಾರಿ ಬಂದು, ನನ್ನ ಹೋಳಿಗೆಯ ಪೊಟ್ಟಣಕ್ಕೆ ಹೆಸರಾಂತ ಅಂಗಡಿಯೊಂದರ ಚೀಟಿ ಅಂಟಿಸಿದರೆ ಕೇಳಿದಷ್ಟು ಕೊಡುತ್ತೇನೆಂದ. ನಾನು ಅತ್ತೆಯ ಹಾಗೆಯೇ ಅಂಗಳದ ಬಿಸಿಲು ನೋಡಿ, ಅವನಿಗೆ ಮೊದಲು ತಾಟು ಹಾಕಿದೆ.