ಸಜ್ಜೆ ಹೊಲಕ್ಕೆ ಕಟ್ಟಿದ ಫಿಲ್ಮು

ಹಳೆಯ ಫಿಲ್ಮುಗಳನ್ನು ಹುಡುಕುತ್ತಾ ಮೊನ್ನೆ ಚಳ್ಳಕೆರೆಯ ನನ್ನ ಮನೆಗೆ ಬಂದವನೊಬ್ಬ ಕೂತ ತಕ್ಷಣ ಕೇಳಿದ: "ನಿಮ್ಮ ಮಾವ ಆಗ ಯಾವ ಮತ್ತಿನ ಪದಾರ್ಥ ತಗೊಳ್ತಿದ್ರು?" ಮೈ ಉರಿದುಹೋಯಿತು. ಆಗಲೇ ಕಾಫಿ ಕೊಟ್ಟುಬಿಟ್ಟಿದ್ದೆ, ಇಲ್ಲದಿದ್ದರೆ ಎಬ್ಬಿಸಿ ಕಳಿಸುತ್ತಿದ್ದೆ.

ಮಾವ ಎಂದರೆ ಅವ್ವನ ತಮ್ಮ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಫಿಲ್ಮ್ ಲ್ಯಾಬೊಂದರಲ್ಲಿದ್ದ. ಅಲ್ಲಿ ಉದ್ದ ಕೂದಲಿನ ಹಿಪ್ಪಿಗಳ ಸಹವಾಸ. ಕತೆಯಿಲ್ಲದೆ ಬರೀ ಬಣ್ಣ ಕುಣಿಯುವ ಸಿನಿಮಾ ಮಾಡಿ ನೋಡಿದರೆ, ಎದೆಯಲ್ಲಿ ಹೆಪ್ಪುಗಟ್ಟಿದ ದುಃಖ ಕರಗುತ್ತದೆಂದು ಅವರು ನಂಬಿದ್ದರಂತೆ. ನನ್ನ ತಂಗಿ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಅವ್ವ ಒಂದು ಹನಿ ಅತ್ತಿರಲಿಲ್ಲ. ಮಾವ ಹಳೆಯ ಪ್ರೊಜೆಕ್ಟರು, ಚಿತ್ರ ಅಳಿಸಿದ ಖಾಲಿ ಫಿಲ್ಮು ಹೊತ್ತುಕೊಂಡು ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದ.

"ಅಕ್ಕ, ನಿಂಗೆ ಹೆಂಗೆ ತೋಚ್ತೈತೋ ಹಂಗೆ ಬಣ್ಣ ಬಳಿ," ಎಂದ.

ಅವ್ವ ನೇಯುವವರ ಮನೆಯಿಂದ ರೇಷ್ಮೆಗೆ ಹಾಕುವ ಬಣ್ಣ ತಂದಳು. ಹದಿನೈದು ದಿನ ಬೆರಳಿನಿಂದ, ಬೇವಿನ ಕಡ್ಡಿಯಿಂದ ಬಳಿದಳು. ಮಟಮಟ ಮಧ್ಯಾಹ್ನ ಕಿಟಕಿಗೆ ಕಂಬಳಿ ಮುಚ್ಚಿ, ಗೋಡೆಗೆ ಅಪ್ಪನ ಪಂಚೆ ಕಟ್ಟಿ ಮಾವ ಫಿಲ್ಮು ಬಿಟ್ಟ. ಹಸಿರು, ಅರಿಸಿನ ನುಗ್ಗಿ ಬಂದವು. ಕೊನೆಗೆ ತಂಗಿಯ ಲಂಗದ ಕೆಂಪು. ಅವ್ವ ಬೋರಾಡಿ ಅತ್ತಳು. ಮಾರನೆಯ ಬೆಳಿಗ್ಗೆ, ತಂಗಿ ಹೋದ ಮೇಲೆ ಮೊದಲ ಸಲ, ನನ್ನನ್ನು ಕರೆದು ತಲೆ ಬಾಚಿದಳು.

ಅಪ್ಪ ಊರ ಬಾಯಿಗೆ ಹೆದರಿದ. ಹೆಂಡತಿಗೆ ಹುಚ್ಚು, ಭಾಮೈದನಿಗೆ ಗಾಂಜಾ ಎಂದು ಜನ ಆಡಿಕೊಂಡರಲ್ಲ, ಅದಕ್ಕೆ. ಗಾಂಜಾ ಮುಟ್ಟಿದವನಲ್ಲ ನನ್ನ ಮಾವ. ಅವನನ್ನು ಬಸ್ಸು ಹತ್ತಿಸಿ, ಫಿಲ್ಮಿನ ಸುರುಳಿ ಬಿಚ್ಚಿ, "ಗಿಣಿ ಓಡ್ಸಾಕಾದ್ರೂ ಬರ್ಲಿ," ಎಂದು ಅಪ್ಪ ಸಜ್ಜೆ ಹೊಲದ ಸುತ್ತ ಕಟ್ಟಿದ. ಗೂಟಗಳಿಗೆ ಗಂಟು ಹಾಕಿದವಳು ನಾನೇ. ಫಳಫಳ ಹೊಳೆಯುತ್ತದೆಂದು ಕುಣಿದಾಡಿದ್ದೆ ಬೇರೆ. ಅಪ್ಪನ ಮೇಲಿನ ಸಿಟ್ಟು ಅವನು ಸತ್ತ ಮೇಲೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ಅವ್ವ ದಿನಾ ಹೋಗಿ ಫಿಲ್ಮಿನ ಕೆಂಪು ತುದಿ ಕಟ್ಟಿದ್ದ ಗೂಟದ ಬಳಿಯೇ ಕೂರುತ್ತಿದ್ದಳು. ಹಕ್ಕಿ ಕಾಯುತ್ತಾಳೆಂದು ಅಪ್ಪನಿಗೆ ಖುಷಿ. ತೆನೆ ಕೊಯ್ಯುವ ಹೊತ್ತಿಗೆ ಬಿಸಿಲು ಬಣ್ಣವನ್ನೆಲ್ಲ ತಿಂದುಹಾಕಿತ್ತು. ಅವ್ವ ಮತ್ತೆ ನನ್ನ ತಲೆ ಬಾಚಲಿಲ್ಲ.

ಇಷ್ಟನ್ನೂ ಬಂದವನಿಗೆ ಹೇಳಿದೆ. "ಫಿಲ್ಮು ಮಾಡಿದ್ದು ನಮ್ಮವ್ವ. ಗಂಟು ಹಾಕಿದ್ದು ನಾನು. ಎರಡೂ ಬರ್ಕಳ್ರಿ."

ಅವನ ಪೆನ್ನು ಅಲ್ಲಾಡಲಿಲ್ಲ. ಮಾವನ ಫೋಟೋ ಇದ್ದರೆ ಕೊಡಿ ಎಂದ.